ಠಾಣೆಯ ಗುಡ್ಡಗಳಲ್ಲಿ ಕಾಡು, ಇಂಗಾಲ ಮತ್ತು ಜೇನು

ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಕಲ್ಯಾಣ, ಡೊಂಬಿವಲಿ ನಗರಗಳಾಚೆ ಮುರಬಾಡ, ಶಹಾಪುರ ತಾಲ್ಲೂಕುಗಳವರೆಗೆ ಹಬ್ಬಿರುವ ಗುಡ್ಡದ ಇಳಿಜಾರುಗಳಲ್ಲಿ ಭತ್ತಕ್ಕೆ ಒಗ್ಗದ, ರಾಗಿಯನ್ನೋ ಹುಲ್ಲನ್ನೋ ಮಾತ್ರ ಕೊಡುವ ಜಮೀನುಗಳಿದ್ದು, ಸ್ಥಳೀಯರು ಅವನ್ನು ‘ವರಕಸ್’ ಎನ್ನುತ್ತಾರೆ. ಇಂಥ ನೆಲದಲ್ಲಿ ಆ ಸೀಮೆಯದೇ ಮರಗಿಡಗಳನ್ನು ಬೆಳೆಸಿದರೆ ರೈತನಿಗೆ ಕಾರ್ಬನ್ ಕ್ರೆಡಿಟ್, ಜೇನು ಎಂಬ ಎರಡು ಬಗೆಯ ಆದಾಯ ಸಾಧ್ಯವಾದರೂ, ಅವೆರಡರ ನಡೆ ಒಂದೇ ತೆರನಲ್ಲ.

ಒಂದು ಟನ್ ಇಂಗಾಲದ ಡೈಆಕ್ಸೈಡ್ ವಾತಾವರಣದಿಂದ ಕಡಿಮೆಯಾಗಿದೆ ಎಂಬ ಪರಿಶೀಲಿತ ಪ್ರಮಾಣಪತ್ರವೇ ಕಾರ್ಬನ್ ಕ್ರೆಡಿಟ್. ಒಣಮರದ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲವಾಗಿದ್ದು, 12 ಕಿಲೋ ಇಂಗಾಲ 44 ಕಿಲೋ ಡೈಆಕ್ಸೈಡಿಗೆ ಸಮನಾದುದರಿಂದ, ಒಣತೂಕ 100 ಕಿಲೋ ಇರುವ ಮರ ಸುಮಾರು 183 ಕಿಲೋ ಅನಿಲವನ್ನು ಹಿಡಿದಿಟ್ಟಂತಾಗುತ್ತದೆ. ಅಂದರೆ ಒಂದು ಕ್ರೆಡಿಟ್ಟಿಗೆ ಅಂಥ ಐದಾರು ಮರಗಳು ಬೇಕು. ಕ್ರೆಡಿಟ್ ಯೋಜನೆ ಇಲ್ಲದಿದ್ದರೂ ಉಳಿಯುತ್ತಿದ್ದ ಮರ ಲೆಕ್ಕಕ್ಕೆ ಬಾರದು. ಇದೇ ‘ಹೆಚ್ಚುವರಿತನ’ದ ನಿಯಮ. 2015ರಲ್ಲಿ ಅಭಯಾರಣ್ಯವೆಂದೂ 2022ರಲ್ಲಿ ರಾಮ್ಸಾರ್ ಜೌಗುತಾಣವೆಂದೂ ಘೋಷಿತವಾಗಿ ಈಗಾಗಲೇ ರಕ್ಷಣೆ ಪಡೆದಿರುವ, ನವಿ ಮುಂಬಯಿಯ ಅಂಚಿನ ಠಾಣೆ ಖಾಡಿಯ ಕಾಂಡ್ಲಾ ಮರಗಳು ಎಷ್ಟೇ ಇಂಗಾಲ ಹಿಡಿದಿದ್ದರೂ ಈ ನಿಯಮದಡಿ ಕ್ರೆಡಿಟ್ ಆಗುವುದು ಕಷ್ಟ. ಪರಿಶೀಲನೆಯ ವೆಚ್ಚ ದೊಡ್ಡದಾದುದರಿಂದ ಸಣ್ಣ ಹಿಡುವಳಿದಾರರು ಒಟ್ಟುಗೂಡಬೇಕು. ಬೇಸಿಗೆಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿ ಮರಗಳಿಗೆ ಹಬ್ಬಿದರೆ ವರ್ಷಗಳ ಗಳಿಕೆಯೇ ಹೋಗುತ್ತದೆ.

ಜೇನಿಗೆ ಬೇಕಾದುದು ಹೂವಿನ ಸಾಲು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಸಾಮಾನ್ಯವಾಗಿ ಒಂದು ಕಿಲೋಮೀಟರ್ ಆಸುಪಾಸಿನಲ್ಲೇ ಮೇವು ಹುಡುಕುವುದರಿಂದ, ಚಳಿಗಾಲದ ಕೊನೆಗೆ ಬೂರುಗ ಮತ್ತು ಮುತ್ತುಗ, ಬೇಸಿಗೆಗೆ ನೇರಳೆ, ಹೊಂಗೆ ಮತ್ತು ಅಳಲೆ, ಮಳೆಯ ಹೊಸ್ತಿಲಲ್ಲಿ ಮತ್ತಿ, ಹೀಗೆ ಒಂದರ ಹಿಂದೆ ಒಂದು ಅರಳುವ ಗಿಡಗಳು ಹತ್ತಿರದಲ್ಲೇ ಇರಬೇಕು. ಮುಂಬಯಿ, ಠಾಣೆ ಸುತ್ತಿನ ಬೆಟ್ಟಗಳನ್ನು 2016 ಮತ್ತು 2024ರಲ್ಲಿ ನೇರಳೆ ಬಣ್ಣಕ್ಕೆ ತಿರುಗಿಸಿದ ಕಾರ್ವಿ ಗಿಡ ಎಂಟು ವರ್ಷಕ್ಕೊಮ್ಮೆ ಹೂಬಿಟ್ಟು ಸಾಯುವಂಥದು. ಅದರ ಜೇನಿಗೆ ಹೆಸರಿದ್ದರೂ ಅದನ್ನೊಂದನ್ನೇ ನಂಬಿ ಪೆಟ್ಟಿಗೆ ಇಡಲಾಗದು. ಮಳೆ ಬಲವಾಗಿ ಸುರಿಯುವ ತಿಂಗಳುಗಳಲ್ಲಿ ಹುಳುಗಳಿಗೆ ಸಕ್ಕರೆ ಪಾಕ ಕೊಟ್ಟು ಕಾಪಾಡಬೇಕಾಗುತ್ತದೆ.

ಬೇಗ ಬೆಳೆಯುವ ಒಂದೇ ಜಾತಿಯ ನೆಡುತೋಪು ಇಂಗಾಲದ ಲೆಕ್ಕವನ್ನು ತುಂಬಿಸೀತು, ಆದರೆ ವರ್ಷದ ಬಹುಪಾಲು ಕಾಲ ಜೇನನ್ನು ಉಪವಾಸ ಕೆಡವುತ್ತದೆ. ಆದ್ದರಿಂದ ವರಕಸ್ ನೆಲದ ರೈತರು ಜೇನಿನ ಪಂಚಾಂಗ ನೋಡಿ ಗಿಡ ಆರಿಸಿ, ಕಾರ್ಬನ್ ಹಣವನ್ನು ತಡವಾಗಿ ಬರುವ ಎರಡನೆಯ ಫಸಲೆಂದು ಎಣಿಸುವುದೇ ಲೇಸು.