ಬದುಕಿ ಉಳಿದ ಹಸುವಿನ ಲೆಕ್ಕ



ದೊಡ್ಡಬೆಳವಂಗಲದಲ್ಲಿ ನಿಂತು ಹಸುವಿನ ಬಗ್ಗೆ ಮಾತಾಡುವವರು ಎಚ್ಚರದಿಂದಿರಬೇಕು. ಇಲ್ಲಿ ಕೂತವರಲ್ಲಿ ಎಷ್ಟೋ ಜನ ಬೆಳಗ್ಗೆ ಡೇರಿಗೆ ಹಾಲು ಹಾಕಿಯೇ ಬಂದಿದ್ದೀರಿ. ಹೈನುಗಾರಿಕೆ ಹೇಳಿಕೊಡುವ ಧೈರ್ಯ ನನಗಿಲ್ಲ. ದನಕ್ಕೆ ಕುತ್ತು ಬಂದಾಗ ಸರ್ಕಾರ ಕೊಡುವ ಪರಿಹಾರದ ಲೆಕ್ಕವನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಹಾಲು ಕರೆಯುವ ಹಸು ನೆರೆಯಲ್ಲಿ ಕೊಚ್ಚಿಹೋದರೆ, 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ನಿಧಿಯ ನಿಯಮದಂತೆ 37,500 ರೂಪಾಯಿ. ಅದೂ ಒಂದು ಮನೆಗೆ ಮೂರು ಹಸುವಿಗೆ ಮಾತ್ರ. ನಮ್ಮ ಅರ್ಕಾವತಿಯಲ್ಲಿ ಹಸು ಕೊಚ್ಚಿಹೋಗುವಷ್ಟು ನೀರು ಬಂದರೆ ನಾವು ಬಾಗಿನ ಕೊಡಲು ಓಡುತ್ತೇವೆ, ಆ ಮಾತು ಬಿಡಿ. ಅದೇ ವರ್ಷ ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ ರಾಜ್ಯ ಸರ್ಕಾರ ಘೋಷಿಸಿದ್ದು 20,000. ಎತ್ತಿಗೆ 30,000, ಕರುವಿಗೆ 5,000. ಆಕಸ್ಮಿಕವಾಗಿ ಸತ್ತರೆ ಅನುಗ್ರಹ ಯೋಜನೆ: 10,000 ಇದ್ದದ್ದು 2025-26ರ ಬಜೆಟ್ಟಿನಲ್ಲಿ 15,000 ಆಯಿತು. ಹಸು ಅದೇ, ಅದರ ಮೇಲಿನ ಸಾಲವೂ ಅದೇ. ಬೆಲೆ ಮಾತ್ರ ಯಾವುದರಿಂದ ಸತ್ತಿತು ಎಂಬುದರ ಮೇಲೆ.

ಸತ್ತದ್ದಕ್ಕೆ ಸಾಕ್ಷಿಯೂ ಬೇಕು. ಕೊಟ್ಟಿಗೆಯಲ್ಲಿ ಹೊಟ್ಟೆ ಉಬ್ಬಿ ಬಿದ್ದ ಹಸುವಿನ ಕಿವಿ ತಿರುಗಿಸಿ, ಸಗಣಿ ಮೆತ್ತಿದ ಹಳದಿ ಗುರುತಿನ ಓಲೆಯನ್ನು ಒರೆಸಿ, ಹನ್ನೆರಡು ಅಂಕಿ ಕಾಣುವಂತೆ ಫೋಟೊ ಹಿಡಿಯಬೇಕು. ಪಶುವೈದ್ಯರು ಬಂದು ಕೊಯ್ದು ನೋಡಿ ವರದಿ ಬರೆಯುವವರೆಗೆ ಹೂಳುವಂತಿಲ್ಲ. ಒಬ್ಬ ವೈದ್ಯರಿಗೆ ಹತ್ತಾರು ಹಳ್ಳಿ. ಅವರನ್ನು ಬೈದು ಪ್ರಯೋಜನವಿಲ್ಲ. ಆಮೇಲೆ ಜೆಸಿಬಿಯಲ್ಲಿ ಗುಂಡಿ, ಸುಣ್ಣ, ಉಪ್ಪು. ಈ ಖರ್ಚು ಅವತ್ತೇ ಕೈಯಿಂದ ಹೋಗುತ್ತದೆ, ಪರಿಹಾರ ಬರುವುದು ಯಾವಾಗಲೋ.

ಇಷ್ಟಾದರೂ ನನ್ನ ತಕರಾರು ಸತ್ತ ಹಸುವಿನದಲ್ಲ. ಗಂಟುರೋಗ ತಗುಲಿದ ಹಸುಗಳಲ್ಲಿ ಹೆಚ್ಚಿನವು ಸಾಯುವುದಿಲ್ಲ. ಸೊಳ್ಳೆ, ನೊಣ, ಉಣ್ಣೆಯಿಂದ ರೋಗ ಬರುತ್ತದೆ. ಮೈ ತುಂಬ ಗಂಟು, ಜ್ವರ, ಮೇವು ಮುಟ್ಟುವುದಿಲ್ಲ. ಗಬ್ಬದ ಹಸು ಕಂದು ಹಾಕುತ್ತದೆ. ಹಾಲು ಇಳಿಯುತ್ತದೆ, ಕೆಲವಕ್ಕೆ ಪೂರ್ತಿ ಬತ್ತುತ್ತದೆ. ಬದುಕಿತಲ್ಲ, ಹಾಗಾಗಿ ಮನೆಯವರಿಗೆ ಒಂದು ಪೈಸೆಯೂ ಇಲ್ಲ. ಲೀಟರಿಗೆ 5 ರೂಪಾಯಿ ಸರ್ಕಾರಿ ಪ್ರೋತ್ಸಾಹಧನ ಇದೆಯಲ್ಲ ಎನ್ನಬಹುದು. ಅದು ಹಾಕಿದ ಹಾಲಿನ ಮೇಲೆ. ಹಾಲು ನಿಂತ ದಿನ ಅದೂ ನಿಂತಿತು. ಕಷ್ಟ ಏರಿದಂತೆ ನೆರವು ಇಳಿಯುವ ಏರ್ಪಾಡು ಇದು.

ಬದುಕಿರುವ ದನದ ನಷ್ಟಕ್ಕೂ ನೆರವು ಕೊಡುವ ದಾರಿ ಬೇರೆಡೆ ಇದೆ. ಅಮೆರಿಕದ ಕೃಷಿ ಇಲಾಖೆಯೂ ಸತ್ತ ದನಕ್ಕೆ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಯ ಶೇ. 75ರಷ್ಟು ಕೊಡುತ್ತದೆ. ಅದರ ಜೊತೆಗೆ, ಬರದ ನಕ್ಷೆಯಲ್ಲಿ ಒಂದು ಕೌಂಟಿ ಕೆಂಪಾಗಿ ನಿಂತರೆ, ದನ ಬದುಕಿರುವಾಗಲೇ ಹುಲ್ಲುಗಾವಲಿನ ನಷ್ಟಕ್ಕೆ ಹಣ ಕೊಡುವ ಯೋಜನೆಯೂ ಇದೆ. ಅಲ್ಲಿನ ನೂರಾರು ಎಕರೆಯ ರ‍್ಯಾಂಚಿಗೂ ನಮ್ಮ ಎರಡು ಹಸುವಿನ ಕೊಟ್ಟಿಗೆಗೂ ಹೋಲಿಕೆ ಸಲ್ಲದು. ಆದರೆ ನಮ್ಮಲ್ಲಿ ಪುಸ್ತಕವೊಂದಿದೆ: ಯಾರು ಬೆಳಗ್ಗೆ ಎಷ್ಟು, ಸಂಜೆ ಎಷ್ಟು ಹಾಕಿದರು ಎಂದು ದಿನವೂ ಬರೆಯುವ ಹಾಲು ಸಹಕಾರ ಸಂಘದ ಲೆಕ್ಕ. ರೋಗ ಘೋಷಣೆಯಾದ ಹೋಬಳಿಯಲ್ಲಿ ಯಾರ ಹಾಲು ಎಷ್ಟು ಇಳಿಯಿತೋ ಅದರ ಮೇಲೆ, ವೈದ್ಯರ ಚೀಟಿ ನೋಡಿ, ಎರಡು ತಿಂಗಳು ನೆರವು ಕೊಡಬಹುದು. ಖಾಸಗಿ ಡೇರಿಗೆ ಹಾಕಿ ಇಲ್ಲಿ ಇಳಿಯಿತೆನ್ನುವವರೂ ಇರುತ್ತಾರೆ. ಇರಲಿ, ನೆರೆಮನೆಯವರ ಕಣ್ಣು ತಪ್ಪಿಸಿ ಈ ಊರಲ್ಲಿ ಹಾಲಿನ ಕ್ಯಾನು ಎಷ್ಟು ದೂರ ಹೋದೀತು?

ಕುರಿ ಸಾಕುವವರಿಗೆ ಮಾತ್ರ ಈ ದಾರಿ ಸಾಲದು. ಅವರ ಹೆಸರು ಯಾವ ಡೇರಿಯ ಪುಸ್ತಕದಲ್ಲೂ ಇಲ್ಲ. ಕುರಿ ಸತ್ತರೆ ಅನುಗ್ರಹದ 7,500, ಬಡಕಲಾಗಿ ಬದುಕಿದರೆ ಸಂತೆಯಲ್ಲಿ ಕೇಳಿದ ಬೆಲೆ. ಅವರಿಗೆ ಬೇರೆಯೇ ಲೆಕ್ಕ ಬೇಕು, ಅದನ್ನು ಅವರನ್ನು ಕೂರಿಸಿಕೊಂಡೇ ಬರೆಯಬೇಕು.