ಹೊರಗಿರೋ ವಾಚ್‌ಮನ್

ಸೂರತ್‌ನ ಕತಾರ್‌ಗಾಮ್‌ನಿಂದ ಮಾತಾಡ್ತಿದ್ದೀನಿ. ಹೋದ ತಿಂಗಳು ಬಾತ್‌ರೂಮ್ ಚಿಲಕ ಜಾಮ್ ಆಗಿ ನಲವತ್ತು ನಿಮಿಷ ಒಳಗೇ ಇದ್ದೆ. ಫೋನ್ ಹೊರಗೆ ಚಾರ್ಜ್‌ಗಿತ್ತು. ನೆನಪಾಗಿದ್ದು 2017ರ ‘ಟ್ರ್ಯಾಪ್ಡ್’. ಮುಂಬೈಯ ಖಾಲಿ ಕಟ್ಟಡದಲ್ಲಿ, ನೀರು–ಕರೆಂಟಿಲ್ಲದ ಫ್ಲ್ಯಾಟ್‌ನಲ್ಲಿ ರಾಜ್‌ಕುಮಾರ್ ರಾವ್ ಸಿಕ್ಕಿಬೀಳ್ತಾನೆ. ಕೆಳಗೆ ವಾಚ್‌ಮನ್ ಇದ್ದರೂ ಕೂಗು ಮುಟ್ಟಲ್ಲ. 2019ರ ಮಲಯಾಳಂ ‘ಹೆಲೆನ್’ನಲ್ಲಿ ಹುಡುಗಿ ರೆಸ್ಟೊರೆಂಟಿನ ಫ್ರೀಜರ್ ಕೋಣೆಯಲ್ಲಿ ಸಿಕ್ಕಿಕೊಳ್ತಾಳೆ. ಅವಳು ಹೊರಗೆ ಹೋಗೇ ಇಲ್ಲ ಅಂತ ಹೇಳೋದು ಸೆಕ್ಯೂರಿಟಿಯವನು. ದಿನಾ ನಕ್ಕು ಹೋಗೋಳು, ಅವತ್ತು ಕಂಡಿಲ್ಲ. (ಕಥೆ ಬಿಟ್ಟುಕೊಟ್ಟೆ, ಕ್ಷಮಿಸಿ.)

ಇಂಥ ಸಿನಿಮಾಗಳಲ್ಲಿ ಒಳಗಿರೋರ ಜಾಣತನ ಹೊಗಳ್ತೀವಿ. ನನ್ನನ್ನ ಕಾಡಿದ್ದು ಹೊರಗಿರೋರು. ನಾನು ಕಾಣದಿದ್ರೆ ಇಲ್ಲಿ ಯಾರಿಗೆ ಗೊತ್ತಾಗುತ್ತೆ?

ಕೊನೆಗೆ ಬಕೆಟ್ ಹಿಡಿಯ ಕಂಬಿ ಕಿತ್ತು ಚಿಲಕ ಸರಿಸಿದೆ. ಮಾರನೇ ದಿನದಿಂದ ನಮ್ಮ ವಾಚ್‌ಮನ್‌ಗೆ ‘ಕೇಮ್ ಛೋ’ ಅಂತೀನಿ. ಈಗ ಅವರೇ ಕೇಳ್ತಾರೆ, ನಿನ್ನೆ ಯಾಕೆ ಲೇಟು ಅಂತ.