ಖಜಾನೆಯ ಕೀಲಿ ಯಾರ ಕೈಯಲ್ಲಿ?

(ಜುಮಾ ಖುತ್ಬಾ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ.

ಆದರಣೀಯ ಸಹೋದರರೇ, ಸಂಪತ್ತು ಶ್ರೀಮಂತರ ನಡುವೆ ಮಾತ್ರ ಸುತ್ತುತ್ತಿರಬಾರದು ಎಂಬ ಪಾಠವನ್ನು ಪವಿತ್ರ ಕುರ್‌ಆನ್ (59:7) ನಮಗೆ ಕಲಿಸಿದೆ. ಈ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅದರ ಬೆನ್ನಿಗೇ ಬರುವ ಪ್ರಶ್ನೆಯನ್ನು ಮಾತ್ರ ಕೇಳಿಕೊಂಡದ್ದು ಕಡಿಮೆ. ಎಲ್ಲರಿಗೂ ಸೇರಿದ ಸಂಪತ್ತನ್ನು ಕಾಯುವವರು ಯಾರು? ಕಾಯುವವರ ಬಳಿ ಲೆಕ್ಕ ಕೇಳುವವರು ಯಾರು?

ನಮ್ಮ ದೇಶದ ಸಂವಿಧಾನ ರಚನಾ ಸಭೆಯಲ್ಲಿ ಸಮಾಜವಾದದ ಬಗ್ಗೆ ನಡೆದ ಚರ್ಚೆಯ ಹಿಂದೆಯೂ ಇದೇ ಪ್ರಶ್ನೆಯಿತ್ತು. 1948ರ ನವೆಂಬರ್ 15ರಂದು ಪ್ರೊಫೆಸರ್ ಕೆ.ಟಿ. ಶಾ ಅವರು ಒಂದು ತಿದ್ದುಪಡಿ ಮಂಡಿಸಿದರು. ಭಾರತವು ಜಾತ್ಯತೀತ, ಒಕ್ಕೂಟ, ಸಮಾಜವಾದಿ ರಾಷ್ಟ್ರ ಎಂದು ಸಂವಿಧಾನದಲ್ಲೇ ಬರೆಯಬೇಕು ಎಂಬುದು ಅವರ ಬೇಡಿಕೆ. ಡಾ. ಬಿ.ಆರ್. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜದ ಆರ್ಥಿಕ ವ್ಯವಸ್ಥೆ ಹೇಗಿರಬೇಕೆಂಬುದನ್ನು ಕಾಲಕ್ಕೆ ತಕ್ಕಂತೆ ಜನರೇ ತೀರ್ಮಾನಿಸಬೇಕು, ಅದನ್ನು ಇಂದೇ ಬರೆದು ಕಟ್ಟಿಹಾಕಿದರೆ ಮುಂದಿನವರ ಆಯ್ಕೆಯ ಸ್ವಾತಂತ್ರ್ಯ ಕಸಿದಂತಾಗುತ್ತದೆ ಎಂದು ವಾದಿಸಿದರು. ಸಂಪತ್ತು ಕೆಲವರ ಕೈಯಲ್ಲೇ ಸೇರಬಾರದೆಂಬ ತತ್ವ ನಿರ್ದೇಶಕ ತತ್ವಗಳಲ್ಲಿ ಈಗಾಗಲೇ ಇದೆ ಎಂಬುದನ್ನೂ ತೋರಿಸಿದರು.

ಹಾಗೆಂದು ಅಂಬೇಡ್ಕರರು ಸಮಾಜವಾದದ ವಿರೋಧಿಯಾಗಿದ್ದರೇ? ಇಲ್ಲ. 1947ರ ತಮ್ಮ ಮನವಿಪತ್ರದಲ್ಲಿ ಅವರು ಮೂಲ ಕೈಗಾರಿಕೆಗಳು, ವಿಮೆ, ಕೃಷಿ ಎಲ್ಲವೂ ಸರಕಾರದ ಒಡೆತನದಲ್ಲಿರಬೇಕೆಂದು ಕೇಳಿದ್ದರು. ಚುನಾವಣೆಯಲ್ಲಿ ಬಹುಮತ ಬದಲಾದಾಗಲೆಲ್ಲ ಅದು ಕಳಚಿ ಬೀಳದಂತೆ ಸಂವಿಧಾನದಲ್ಲೇ ಸೇರಿಸಬೇಕೆಂದೂ ಬಯಸಿದ್ದರು. ಆದರೆ ಅದಕ್ಕಾಗಿ ಸರ್ವಾಧಿಕಾರವನ್ನು ಒಪ್ಪಲು ಅವರು ಸಿದ್ಧರಿರಲಿಲ್ಲ. ಸಮಾಜವಾದವೂ ಇರಬೇಕು, ಸಂಸತ್ತೂ ಇರಬೇಕು ಎಂಬುದು ಅವರ ನಿಲುವು.

ಅದೇ ಸಭೆಯಲ್ಲಿ ಮೌಲಾನಾ ಹಸ್ರತ್ ಮೊಹಾನಿ ಇದ್ದರು. 1921ರಲ್ಲೇ ಸಂಪೂರ್ಣ ಸ್ವಾತಂತ್ರ್ಯದ ಬೇಡಿಕೆ ಇಟ್ಟವರು, 1925ರ ಕಾನ್ಪುರ ಕಮ್ಯುನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದವರು. 1949ರ ಅಕ್ಟೋಬರ್‌ನಲ್ಲಿ ಪೀಠಿಕೆಯ ಚರ್ಚೆ ನಡೆದಾಗ, ಸೋವಿಯತ್ ಒಕ್ಕೂಟದ ಮಾದರಿಯಲ್ಲಿ ಭಾರತವೂ ಸಮಾಜವಾದಿ ಗಣರಾಜ್ಯಗಳ ಒಕ್ಕೂಟವಾಗಲಿ ಎಂದು ಅವರು ಸೂಚಿಸಿದರು. ಸಭೆ ಅದನ್ನು ಒಪ್ಪಲಿಲ್ಲ.

ಮೌಲಾನಾರ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಆದರೆ ಅವರು ತೋರಿಸಿದ ಮಾದರಿಯನ್ನು ನಾವು ಕಣ್ಣು ತೆರೆದು ನೋಡಬೇಕು. ರಷ್ಯಾದಲ್ಲಿ ಚುನಾಯಿತ ಸಂವಿಧಾನ ಸಭೆಯನ್ನು 1918ರ ಜನವರಿಯಲ್ಲಿ, ಒಂದೇ ಅಧಿವೇಶನದ ನಂತರ ವಿಸರ್ಜಿಸಲಾಯಿತು. 1936ರ ಸೋವಿಯತ್ ಸಂವಿಧಾನ ವಾಕ್ ಸ್ವಾತಂತ್ರ್ಯದ ಭರವಸೆ ಕೊಟ್ಟಿತ್ತು. ಮರುವರ್ಷವೇ ಲಕ್ಷಾಂತರ ಜನರ ಬಂಧನ, ಹತ್ಯೆಗಳು ಆರಂಭವಾದವು. ಮುಸ್ಲಿಮ್ ಜನಾಂಗಗಳಿಗೆ ತಮ್ಮದೇ ಆಡಳಿತ ಬೇಕೆಂದ ತಾತಾರ್ ಕಮ್ಯುನಿಸ್ಟ್ ಮೀರ್‌ಸೈದ್ ಸುಲ್ತಾನ್ ಗಾಲಿಯೆವ್ 1923ರಲ್ಲಿ ಬಂಧಿತರಾದರು, 1940ರಲ್ಲಿ ಅವರನ್ನು ಕೊಲ್ಲಲಾಯಿತು. ಕಾರ್ಖಾನೆ, ಹೊಲ ಎಲ್ಲವೂ ಜನರ ಹೆಸರಿನಲ್ಲಿದ್ದವು. ಪ್ರಶ್ನೆ ಕೇಳುವ ಹಕ್ಕು ಮಾತ್ರ ಜನರ ಬಳಿ ಇರಲಿಲ್ಲ.

ನಮ್ಮ ದೇಶದ ಅನುಭವವೂ ಯೋಚಿಸುವಂತಿದೆ. ಪೀಠಿಕೆಗೆ 'ಸಮಾಜವಾದಿ' ಎಂಬ ಪದ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯ ಮೂಲಕ. ಅದು ತುರ್ತು ಪರಿಸ್ಥಿತಿಯ ಕಾಲ. ವಿರೋಧಪಕ್ಷದ ನಾಯಕರು ಜೈಲಿನಲ್ಲಿದ್ದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಪದ ಒಳ್ಳೆಯದೇ. 2024ರಲ್ಲಿ ಸುಪ್ರೀಮ್ ಕೋರ್ಟ್ ಕೂಡಾ ಅದನ್ನು ಉಳಿಸಿತು. ಆದರೆ ಒಳ್ಳೆಯ ಪದ ಬರೆದವರಿಗೂ ಲೆಕ್ಕ ಒಪ್ಪಿಸುವ ಹೊಣೆಯಿದೆ ಎಂಬುದನ್ನು ಆ ದಿನಗಳು ನೆನಪಿಸುತ್ತವೆ.

ಸಹೋದರರೇ, ಸತ್ಯವಿಶ್ವಾಸಿಗಳ ವ್ಯವಹಾರ ಪರಸ್ಪರ ಸಮಾಲೋಚನೆಯಿಂದ ನಡೆಯುತ್ತದೆ ಎಂದು ಕುರ್‌ಆನ್ (42:38) ತಿಳಿಸುತ್ತದೆ. ಹಝ್ರತ್ ಅಬೂಬಕರ್(ರ) ಖಲೀಫರಾದ ಮೊದಲ ಭಾಷಣದಲ್ಲೇ, ತಾನು ತಪ್ಪಿದರೆ ತಿದ್ದಿರಿ ಎಂದು ಜನರನ್ನು ಕೇಳಿಕೊಂಡರು. ಝಕಾತ್ ಸಂಗ್ರಹಿಸಲು ಹೋಗಿದ್ದ ಒಬ್ಬರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದಾಗ, ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಎಲ್ಲರ ಮುಂದೆ ಪ್ರಶ್ನಿಸಿದ ಘಟನೆ ಬುಖಾರಿಯಲ್ಲಿದೆ. ಸಾರ್ವಜನಿಕ ಸೊತ್ತು ಅಮಾನತ್. ಅದರ ಲೆಕ್ಕ ಕೇಳುವುದು ಅವಮಾನವಲ್ಲ.

ಇನ್ನು ನಮ್ಮ ಜಮಾಅತ್‌ಗಳ ಕಡೆ ನೋಡೋಣ. ಸರಕಾರ ಹೇಗಿರಬೇಕೆಂದು ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ಮಾತನಾಡುತ್ತೇವೆ. ವಾರ್ಷಿಕ ಮಹಾಸಭೆಯಲ್ಲಿ ಒಬ್ಬ ಯುವಕ ಎದ್ದು ಮಸೀದಿಯ ಬಾಡಿಗೆ, ಝಕಾತ್ ನಿಧಿಯ ಲೆಕ್ಕ ಕೇಳಿದರೆ, ಅವನು ಫಿತ್ನಾ ಮಾಡುತ್ತಿದ್ದಾನೆ ಎನ್ನುತ್ತೇವೆ. ವಿಧವೆಯರ ಪಾಲಿನ ಹಣದ ಬಗ್ಗೆ ವಿಧವೆಯರಿಗೇ ಮಾತನಾಡಲು ಅವಕಾಶವಿರುವುದಿಲ್ಲ. ಐವತ್ತು ಮನೆಗಳ ನಿಧಿಯ ಬಗ್ಗೆ ಪ್ರಶ್ನೆಯನ್ನು ಸಹಿಸಲಾಗದ ನಾವು ಒಂದು ದೇಶಕ್ಕೆ ನ್ಯಾಯದ ಪಾಠ ಹೇಳುವುದು ಹೇಗೆ?

ಈ ತಿಂಗಳೇ ಆರಂಭಿಸೋಣ. ಲೆಕ್ಕಪತ್ರವನ್ನು ಮಸೀದಿಯ ಫಲಕದಲ್ಲಿ ಹಾಕೋಣ. ಕೇಳಿದವನಿಗೆ ಸಲಾಮ್ ಹೇಳಿ ಉತ್ತರ ಕೊಡೋಣ.

ನಮ್ಮ ಕೈಗೆ ಬಂದ ಅಮಾನತನ್ನು ಪ್ರಾಮಾಣಿಕವಾಗಿ ನಿಭಾಯಿಸುವ, ತಿದ್ದಿದವರ ಮಾತನ್ನು ಕೇಳಿಸಿಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.